ಅಲಾರಾಂ ಅಕ್ಕ ಎಬ್ಬಿಸದ ಹುಡುಗಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಉದ್ದನೆಯ ಕಾರಿಡಾರಿನಲ್ಲಿ, ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಬಾಗಿಲಿಂದ ಬಾಗಿಲಿಗೆ ನಡೆಯುತ್ತಿದ್ದಾರೆ. ಚಿಲಕಕ್ಕೆ ಕರವಸ್ತ್ರ ಕಟ್ಟಿದ್ದರೆ ಆ ಕೋಣೆಯವರನ್ನು ಎಬ್ಬಿಸಬೇಕು ಎಂದರ್ಥ. ಇಲ್ಲದಿದ್ದರೆ ಸದ್ದು ಮಾಡದೆ ಮುಂದಕ್ಕೆ. ಒಂದು ಬಾಗಿಲು ಬಡಿದಾಗ ಒಳಗಿಂದ "ಎದ್ದೆ ಅಕ್ಕಾ" ಎಂಬ ಧ್ವನಿ ಬರುತ್ತದೆ. ಅಕ್ಕ ಕದಲುವುದಿಲ್ಲ, ಮತ್ತೆ ಬಡಿಯುತ್ತಾರೆ.

"ಬಾಯಲ್ಲಿ ಎದ್ದೆ ಅನ್ನೋರು ಯಾರೂ ಎದ್ದಿರಲ್ಲ. ಕಾಲು ನೆಲಕ್ಕೆ ಬಿದ್ದ ಸದ್ದು ಕೇಳ್ಬೇಕು. ಆಮೇಲೇ ನಾನು ಮುಂದಿನ ಬಾಗಿಲಿಗೆ ಹೋಗೋದು," ಎನ್ನುತ್ತಾರೆ.

ಹುಡುಗಿಯರು ಇವರಿಗೆ ಇಟ್ಟ ಹೆಸರು ಅಲಾರಾಂ ಅಕ್ಕ. ಮದುವೆಯಾಗಿ ಬಂದ ವರ್ಷವೇ, ಇದೇ ಹಾಸ್ಟೆಲ್ಲು ಗುಡಿಸುತ್ತಿದ್ದ ಅತ್ತೆಯ ಪೊರಕೆ ಇವರ ಕೈಗೆ ಬಂತು. ಗುಡಿಸುವುದು, ಒರೆಸುವುದು, ಬಚ್ಚಲು ತೊಳೆಯುವುದು ಸಂಬಳದ ಕೆಲಸ. ಎಬ್ಬಿಸುವುದು ಯಾರೂ ಹೇಳದೆ ಮೈಮೇಲೆ ಎಳೆದುಕೊಂಡದ್ದು. ಬಡಿದು ಬಡಿದು ಬೆರಳ ಗೆಣ್ಣು ಊದಿಕೊಂಡಿದೆ. ಪರೀಕ್ಷೆಯ ದಿನಗಳಲ್ಲಿ ಬಾಗಿಲು ಬಡಿಯಲು ಪೊರಕೆಯ ಹಿಡಿಯೇ ಗತಿ. ಎಲ್ಲರ ಕೈಯಲ್ಲೂ ಫೋನಿರುವಾಗ ಇದೆಲ್ಲ ಯಾಕೆ ಎಂದರೆ ನಗುತ್ತಾರೆ. "ಫೋನು ಕೂಗಿದ್ರೆ ಅದರ ಕತ್ತು ಹಿಸುಕಿ ಮಲಗ್ತಾರೆ. ನನ್ನ ಕತ್ತು ಹಿಸುಕೋಕಾಗುತ್ತಾ?"

ಈ ಪುಟ್ಟ ಊರಿನಲ್ಲಿ ವಿಶ್ವವಿದ್ಯಾಲಯ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಓದುವವರಿಗೆ ಅದು ಒಳ್ಳೆಯದೇ. ತರಗತಿ, ಗ್ರಂಥಾಲಯ, ಮೆಸ್ಸು ಎಲ್ಲಕ್ಕೂ ನಡೆದೇ ಹೋಗಬಹುದು. ತರಕಾರಿ ಅಂಗಡಿಯಲ್ಲಿ ಮೇಷ್ಟ್ರು ಸಿಕ್ಕರೆ ಅಲ್ಲೇ ನಿಂತು ಅರ್ಥವಾಗದ ಪಾಠ ಕೇಳಿಕೊಳ್ಳಬಹುದು. ನಾಲ್ಕು ದಿನ ಕಾಣದಿದ್ದರೆ ಜೆರಾಕ್ಸ್ ಅಂಗಡಿಯವರು "ಹುಷಾರಿರ್ಲಿಲ್ವೇನಮ್ಮಾ?" ಎಂದು ವಿಚಾರಿಸುತ್ತಾರೆ. ಆದರೆ ಫಲಿತಾಂಶ ಬಂದ ದಿನ ವಿಚಾರಿಸುವವರೂ ಇವರೇ. ಫೇಲಾದವರಿಗೆ ತಲೆ ತಗ್ಗಿಸಿ ನಡೆಯಲು ಬೇರೊಂದು ಬೀದಿಯೂ ಇಲ್ಲ. ಇಂಥ ಊರುಗಳ ಅಕ್ಕರೆಯ ಮೇಲೆ ನನಗಂತೂ ಸ್ವಲ್ಪ ಸಿಟ್ಟೇ ಇದೆ.

ಅಕ್ಕನ ಸಂಕಟವೂ ಇಂಥದೇ ಒಂದು ಅಕ್ಕರೆಯಿಂದ ಶುರುವಾದದ್ದು. ಕೆಲವು ವರ್ಷಗಳ ಹಿಂದೆ ಕೊನೆಯ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕೊನೆಯ ವರ್ಷದ ಪರೀಕ್ಷೆಯ ಹಿಂದಿನ ರಾತ್ರಿ, ಜ್ವರದಲ್ಲಿ ನರಳುತ್ತಿದ್ದ ಜೊತೆಗಾತಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಎಚ್ಚರವಿದ್ದಳು. ಬೆಳಗ್ಗೆ ಅಕ್ಕ ಹೋದಾಗ ಚಿಲಕದಲ್ಲಿ ಕರವಸ್ತ್ರವಿತ್ತು. ಕಿಟಕಿಯಲ್ಲಿ ಇಣುಕಿದರೆ ಹುಡುಗಿ ಪುಸ್ತಕದ ಮೇಲೇ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು.

"ಪಾಪ ಅನ್ನಿಸ್ತು. ಮೇಲ್ಗಡೆ ಗುಡಿಸ್ಕೊಂಡು ಬರೋವರೆಗೂ ಮಲಗ್ಲಿ ಅಂದ್ಕೊಂಡೆ. ಮೇಲೆ ಹೋದ್ರೆ ನಲ್ಲಿ ಕಿತ್ತೋಗಿ ಬಚ್ಚಲೆಲ್ಲ ಕೆರೆ ಆಗಿತ್ತು. ನೀರು ಬಳಿದು ಹಾಕೋದ್ರಲ್ಲಿ ಅವಳು ಮರೆತೇಹೋದ್ಲು," ಎನ್ನುವಾಗ ಅಕ್ಕ ನನ್ನ ಮುಖ ನೋಡುವುದಿಲ್ಲ.

ಹುಡುಗಿ ಎದ್ದು ಓಡುವಷ್ಟರಲ್ಲಿ ಪರೀಕ್ಷಾ ಕೊಠಡಿಯ ಬಾಗಿಲು ಹಾಕಿತ್ತು. ಆ ಪತ್ರಿಕೆಯನ್ನು ಮರುವರ್ಷ ಬರೆಯಬಹುದಿತ್ತು. ಆದರೆ ಊರಿನವರು ಸುಮ್ಮನೆ ಬಿಡಬೇಕಲ್ಲ! ಸಂಜೆಯೊಳಗೆ ಸುದ್ದಿ ಎಲ್ಲರ ಬಾಯಲ್ಲಿ. ಮೆಸ್ಸಿನವರು, ಅಂಗಡಿಯವರು, ದಾರಿಯಲ್ಲಿ ಸಿಕ್ಕವರು ಎಲ್ಲರೂ "ಅಯ್ಯೋ, ಮಲಗಿಬಿಟ್ಯಂತಲ್ಲಾ" ಎಂದು ಮರುಗಿದ್ದೇ ಮರುಗಿದ್ದು. ಆ ಮರುಕ ತಡೆಯಲಾರದೆ ಅವಳು ಗಂಟುಮೂಟೆ ಕಟ್ಟಿದಳು. ಪರೀಕ್ಷೆಗೂ ಮತ್ತೆ ಬರಲಿಲ್ಲ.

"ತಪ್ಪು ನಂದು ಅಂತ ವಾರ್ಡನ್ ಮೇಡಂ ಹತ್ರ ಹೇಳ್ದೆ. ಎಬ್ಬಿಸೋದು ನಿನ್ನ ಕೆಲಸವೇ ಅಲ್ವಲ್ಲ ಅಂದ್ಬಿಟ್ರು. ಕೆಲಸ ಅಲ್ದಿದ್ರೆ ತಪ್ಪು ತಪ್ಪಲ್ವಾ?"

ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಗಂಡನಿಗೆ ಇದು ಬಗೆಹರಿಯದ ತಲೆನೋವು. "ಇವಳು ಎಬ್ಬಿಸಿದ ಎಷ್ಟೋ ಹುಡುಗೀರು ಪಾಸಾಗಿ ಹೋಗಿದಾರೆ. ಅವರ್ಯಾರೂ ಇವಳ ಲೆಕ್ಕಕ್ಕೇ ಬರಲ್ಲ," ಎಂದು ಗೊಣಗುತ್ತಾರೆ.

ಅಂದಿನಿಂದ ಅಕ್ಕ ಕಿಟಕಿಯಲ್ಲಿ ಇಣುಕುವುದನ್ನೇ ಬಿಟ್ಟಿದ್ದಾರೆ. "ಶತ್ರು ಥರ ಬಡೀತಾರೆ ಮೇಡಂ," ಎಂದು ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಕಣ್ಣುಜ್ಜುತ್ತಾ ದೂರುತ್ತಾಳೆ. ತುಸು ಹೊತ್ತಿನ ಮೇಲೆ ತಾನಾಗಿಯೇ, "ಇಲ್ಲಿಂದ ಹೋದ್ಮೇಲೆ ಯಾರು ಹೀಗೆ ಬಡೀತಾರೆ?" ಎನ್ನುತ್ತಾಳೆ.

ಹಳೆಯ ವಿದ್ಯಾರ್ಥಿನಿಯರು ಆಗಾಗ ಬರುತ್ತಾರೆ, ಅಕ್ಕನನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅಕ್ಕ ಪ್ರತಿಯೊಬ್ಬರನ್ನೂ ಕೇಳುವುದು ಒಂದೇ: ಕೊನೆ ಕೋಣೆಯವಳು ಎಲ್ಲಾದ್ರೂ ಸಿಕ್ಕಿದ್ಲಾ? ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಮೂರು ವರ್ಷ ಕಳೆದವರಿಗೂ ಅವಳ ವಿಳಾಸ ಗೊತ್ತಿಲ್ಲ. ಇಂಥ ಊರಿನ ಗೆಳೆತನಗಳು ಬಸ್ ನಿಲ್ದಾಣದಲ್ಲೇ ಮುಗಿದುಹೋಗುತ್ತವೆ. ಬೇಜಾರಾಗುತ್ತದೆ.

ಅವಳು ಸಿಕ್ಕರೆ ಕ್ಷಮೆ ಕೇಳುತ್ತೀರಾ ಎಂದೆ. ಅಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಬೇಡಮ್ಮಾ. ಹೊರಟ ದಿನ ಅವಳ ಪೆಟ್ಟಿಗೆ ಹೊತ್ಕೊಂಡು ಬಸ್ಸಿನವರೆಗೂ ಹೋಗಿದ್ದೆ. 'ಪರವಾಗಿಲ್ಲ ಬಿಡಿ ಅಕ್ಕಾ' ಅಂತ ನಕ್ಕೊಂಡೇ ಅಂದ್ಲು. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಒಂದ್ಸಲ ಬಂದು, ಬಾಯಿಗೆ ಬಂದಂಗೆ ಬೈದು ಹೋಗ್ಲಿ."