ಹಿಂದಿನ ಸೀಟಿನ ತೆಂಗಿನಕಾಯಿ

ವನಜಾ, ರಾಘು, ನಿಮ್ಮಜ್ಜಿ ನಾನು ಭೂತ ಪೀಡೆಯ ಮಾತು ಬಂದರೆ ನಗುತ್ತಿದ್ದವಳು. ಕಣ್ಣಿಗೆ ಕಾಣದ್ದನ್ನು ನಂಬಿದವಳಲ್ಲ. ಈ ಒಂದು ಸಂಗತಿಯನ್ನು ಮಾತ್ರ ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಬರೆದಿಡುತ್ತಿದ್ದೇನೆ.

ಯುದ್ಧದ ಕಾಲದಲ್ಲಿ ಹಂಗಾರಕಟ್ಟೆಯ ಅಳಿವೆಯ ಮರಳಿನ ಮೇಲೆ ಒಂದು ಮಿಲಿಟರಿ ವಿಮಾನ ಇಳಿದು, ಕೆಟ್ಟು ನಿಂತಿತು. ಮರದ ಪಕ್ಕೆಲುಬು, ಬಟ್ಟೆಯ ರೆಕ್ಕೆ. ಆಗಲೇ ಅದಕ್ಕೆ ಮುಪ್ಪು. ಅಂಥದ್ದು ಬೇರೆಲ್ಲೂ ಉಳಿದಿಲ್ಲವೆಂದು ಹೇಳಿ, ಮಿಲಿಟರಿಯವರು ದೋಣಿ ಕಟ್ಟುವ ನಿಮ್ಮಜ್ಜನನ್ನು ಕಾವಲಿಗಿಟ್ಟು ಹೋದರು. ಅಜ್ಜ ಅದಕ್ಕೆ ತೆಂಗಿನ ಮಡಲಿನ ಚಪ್ಪರ ಹಾಕಿದರು. ಉಪ್ಪುಗಾಳಿ ತಿನ್ನದಂತೆ ದೋಣಿಗೆ ಬಳಿಯುವ ಮೀನೆಣ್ಣೆಯನ್ನೇ ಬಳಿದರು, ಮುರಿದ ಪಕ್ಕೆಗಳನ್ನು ಹೊಸದಾಗಿ ಕೆತ್ತಿ ಕೂರಿಸಿದರು. ಯುದ್ಧ ಮುಗಿದ ಮೇಲೆ ಒಬ್ಬ ಆಫೀಸರ್ ಬಂದು ಎಂಜಿನ್ ಸರಿಮಾಡಿಸಿದ. ನಾಳೆ ಹಾರಿಸಿಕೊಂಡು ಹೋಗುತ್ತೇನೆ, ನೀನೂ ಹಿಂದಿನ ಸೀಟಿನಲ್ಲಿ ಬಾ ಎಂದ. ಅಜ್ಜನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಸಂಜೆ ಗಂಜಿ ತೆಗೆದುಕೊಂಡು ಚಪ್ಪರಕ್ಕೆ ಹೋದೆ. ಆಫೀಸರನ ಕಡೆಯವರೆಲ್ಲ ಬ್ರಹ್ಮಾವರಕ್ಕೆ ಹೋಗಿದ್ದರು. ಹಿಂದಿನ ಸೀಟಿನಿಂದ ಕೆಮ್ಮು ಕೇಳಿಸಿತು.

"ಹ್ವಾಯ್, ಗಂಜಿ ತಣೀತ್, ಬನ್ನಿ," ಎಂದೆ.

"ಬತ್ತೆ."

ಅಜ್ಜನದೇ ಸ್ವರ. ಆದರೆ ಒಡಕಾಗಿತ್ತು, ಬಹಳ ದಣಿದಿತ್ತು. ಎಣ್ಣೆಯ ಘಾಟು ಗಂಟಲಿಗೆ ಹತ್ತಿರಬೇಕೆಂದುಕೊಂಡು ಗಂಜಿ ಇಟ್ಟು ಮನೆಗೆ ಬಂದರೆ, ಅವರು ಬಾವಿಕಟ್ಟೆಯಲ್ಲಿ ಮೀಯುತ್ತಿದ್ದರು.

ನಾನು ಬಾವಿಕಟ್ಟೆಗೆ ಓಡಿದೆ. ನಮ್ಮಲ್ಲಿ ದೋಣಿ ಕಟ್ಟಿದವನು ಅದರ ಮೊದಲ ಪಯಣದಲ್ಲಿ ಕೂರುವುದಿಲ್ಲ; ಕೂತರೆ ಜೀವಕ್ಕೆ ಕೇಡೆನ್ನುತ್ತಾರೆ. ಅವನ ಜಾಗದಲ್ಲಿ ಜುಟ್ಟಿರುವ ತೆಂಗಿನಕಾಯಿ ಇಡುತ್ತಾರೆ.

"ನಾಳೆ ನೀವ್ ಅದ್ರಲ್ಲಿ ಕೂಕಂಬುಕಾಗ. ಕಾಯಿ ಇಡಿ."

"ದೋಣಿಗೆ ರೆಕ್ಕೆ ಇರತ್ತಾ ಮಾರಾಯ್ತಿ?" ಎಂದು ನಕ್ಕರು.

"ಅಷ್ಟ್ ಮೀನೆಣ್ಣೆ ಕುಡ್ದದ್ದ್ ದೋಣಿ ಅಲ್ದೆ ಮತ್ತೆಂತ?"

ಎಂದೂ ಎದುರಾಡದ ನಾನು ಅತ್ತುಬಿಟ್ಟೆ.

ಬೆಳಿಗ್ಗೆ ತಮ್ಮ ಕೈಯಾರೆ ಕಾಯಿಯನ್ನು ಸೀಟಿಗೆ ಬಿಗಿದು ಕೆಳಗೆ ನಿಂತರು. ವಿಮಾನ ಅಳಿವೆ ದಾಟಿ ಗಂಗೊಳ್ಳಿಯ ಕಡೆಗೆ ಹಾರಿತು. ಸುಖವಾಗಿ ತಲುಪಿತೆಂದು ಸುದ್ದಿಯೂ ಬಂತು. ಹಗ್ಗದ ಗಂಟು ಹಾಕಿದ ಹಾಗೇ ಇತ್ತಂತೆ. ಕಾಯಿ ಮಾತ್ರ ಇರಲಿಲ್ಲವಂತೆ.

ಎಷ್ಟೋ ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಅಜ್ಜ ಹಾಸಿಗೆ ಹಿಡಿದಿದ್ದರು. ನಾನು ಪಕ್ಕದಲ್ಲಿದ್ದೆ. ಯಾರೂ ಕರೆದಿರಲಿಲ್ಲ. ಅವರು ಕೆಮ್ಮಿದರು, ಬಾಗಿಲ ಕಡೆ ನೋಡಿ "ಬತ್ತೆ" ಎಂದರು. ಅದೇ ಒಡಕು, ಅದೇ ದಣಿವು. ಮತ್ತೆ ಉಸಿರಾಡಲಿಲ್ಲ.

ಅಂದು ಚಪ್ಪರದಲ್ಲಿ ಕರೆದವಳು ನಾನೇ. ಕೊನೆಗಳಿಗೆಯಲ್ಲಿ ಅವರು ಓಗೊಟ್ಟದ್ದು ಆ ಕರೆಗೋ, ಬೇರೆ ಯಾರ ಕರೆಗೋ, ಇವತ್ತಿಗೂ ತಿಳಿಯದು. ಅವರು ಹೋದಂದಿನಿಂದ ಯಾರನ್ನೂ ಮುಖ ನೋಡದೆ ಊಟಕ್ಕೆ ಕರೆದಿಲ್ಲ. ಮಕ್ಕಳೇ, ಈ ಹಾಳೆಗಳನ್ನು ಉಪ್ಪುಗಾಳಿ ತಾಗದ ಕಡೆ ಜೋಪಾನವಾಗಿಡಿ.