ರೊಪಾತಿ ಕಿತ್ತ ಹನ್ನೆರಡು ಚೋಕುಗಳು

ನಮ್ಮೂರಿನ ರೊಪಾತಿ ಕರೆಂಟಿನ ಕೆಲಸದವನು. ಸವಾಯಿ ದ್ವೀಪದ ಈ ಬದಿಗೆ ಅವನೊಬ್ಬನೇ ಆದ್ದರಿಂದ, ತನ್ನನ್ನು ಪಾದ್ರಿಗಳಿಗಿಂತ ಒಂದೇ ಮೆಟ್ಟಿಲು ಕೆಳಗೆ ಇಟ್ಟುಕೊಂಡಿದ್ದ. ಟ್ಯೂಬ್‌ಲೈಟು ಹತ್ತುತ್ತಿಲ್ಲ ಎಂದು ಕರೆದರೆ ಮೊದಲು ಉಪನ್ಯಾಸ, ಆಮೇಲೆ ಏಣಿ.

“ಕೊಳವೆ ಒಳಗೆ ಒಂದು ತೊಟ್ಟು ಪಾದರಸ ಇರುತ್ತೆ. ಸ್ಟಾರ್ಟರು ಎರಡು ತುದೀನೂ ಕಾಯಿಸಿ ಕೈ ಬಿಡುತ್ತೆ. ಬಿಟ್ಟ ತಕ್ಷಣ ಚೋಕು ಒಂದು ಏಟು ಕೊಡುತ್ತೆ ನೋಡಿ, ಆ ಏಟಿಗೆ ಆವಿಯೊಳಗೆ ಕರೆಂಟು ಹರಿಯೋಕೆ ಶುರು. ಆ ಆವಿ ಕೊಡೋ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ. ಗಾಜಿಗೆ ಬಳಿದಿರೋ ಬಿಳಿ ಪುಡಿ ಅದನ್ನ ಕುಡಿದು, ಕಾಣೋ ಬೆಳಕು ಕೊಡುತ್ತೆ.”

“ಹತ್ತಿದ ಮೇಲೆ ಚೋಕಿಗೇನಪ್ಪ ಕೆಲಸ?” ಎಂದು ಒಮ್ಮೆ ಕೇಳಿ ನಾನು ತಪ್ಪು ಮಾಡಿದೆ.

“ಮರ್ಮ ಇರೋದೇ ಅಲ್ಲಿ ಅಣ್ಣ. ಹತ್ತಿದ ಕೊಳವೆ ಭಾನುವಾರದ ಊಟಕ್ಕೆ ಕೂತ ನಿಮ್ಮ ಹಾಗೆ. ತಿಂದಷ್ಟೂ ಹಸಿವು ಜಾಸ್ತಿ. ಬಿಟ್ಟರೆ ಕರೆಂಟು ತಿಂದು ತಿಂದೇ ಸಾಯುತ್ತೆ. ಚೋಕು ಅತ್ತಿಗೆ ಇದ್ದ ಹಾಗೆ. ಸಾಕು ಅಂತ ಕೈ ಹಿಡಿಯುತ್ತೆ.”

ಇನ್ನು ಔಕುಸೊ ಮೇಷ್ಟ್ರು. ಮೂವತ್ತು ವರ್ಷದಿಂದ ನಮ್ಮ ಚರ್ಚಿನ ಗಾಯಕರನ್ನು ನಡೆಸುತ್ತಿದ್ದವರು. ಶ್ರುತಿಗೆ ಅವರಿಗೆ ಪೀಪಿಯೂ ಬೇಡ, ಪೆಟ್ಟಿಗೆಯೂ ಬೇಡ. ಹಾಡಿಗೆ ಮುಂಚೆ ಕಣ್ಣು ಮುಚ್ಚಿ, ಮುಖವನ್ನು ಮೇಲೆತ್ತಿ ಒಂದು ಗಳಿಗೆ ನಿಲ್ಲುತ್ತಿದ್ದರು. ಆಮೇಲೆ ಮೆಲ್ಲಗೆ ‘ಮ್‌’ ಎನ್ನುತ್ತಿದ್ದರು. ಎಂದೂ ಕೂದಲೆಳೆಯಷ್ಟು ತಪ್ಪಿಲ್ಲ. ಅದು ನೇರ ದೇವರಿಂದಲೇ ಇಳಿಯುತ್ತದೆಂದು ಪಾದ್ರಿಗಳೂ ನಂಬಿದ್ದರು. ನಾನಂತೂ ಅವರೆದುರು ಕೆಮ್ಮುತ್ತಿರಲಿಲ್ಲ.

ಆ ವರ್ಷ ಆಕ್ಲೆಂಡಿನ ನಮ್ಮ ಜನ ಚರ್ಚಿಗೆ ಹನ್ನೆರಡು ಹೊಸ ಎಲೆಕ್ಟ್ರಾನಿಕ್ ಚೋಕು ಕಳಿಸಿದರು. ಒಂದು ಭಾನುವಾರ ಜಿಲ್ಲೆಯ ದೊಡ್ಡ ಪಾದ್ರಿಗಳು ಬರುವವರಿದ್ದರು. ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ರೊಪಾತಿ ಕೊನೆಯ ಹಳೆ ಚೋಕನ್ನೂ ಕಿತ್ತು ಹೊಸದು ಹಾಕಿದ. ಏಣಿ ಹಿಡಿದಿದ್ದವನು ನಾನು.

ಮೇಷ್ಟ್ರು ಬಂದರು. ತಮ್ಮ ಜಾಗದಲ್ಲಿ ನಿಂತು ಕಣ್ಣು ಮುಚ್ಚಿ ಮುಖ ಎತ್ತಿದರು. ಬಹಳ ಹೊತ್ತು ಹಾಗೇ ನಿಂತರು.

“ದೀಪ ಹತ್ತಿದೆಯೇನಪ್ಪ?”

“ಕಣ್ಣು ಬಿಟ್ಟು ನೋಡಿ ಮೇಷ್ಟ್ರೇ,” ಅಂದ ರೊಪಾತಿ ಏಣಿ ಮೇಲಿಂದ.

“ಸದ್ದೇ ಇಲ್ವಲ್ಲ.”

“ಅದೇ ಇದರ ದೊಡ್ಡಸ್ತಿಕೆ. ಹಳೇದರಲ್ಲಿ ಕಬ್ಬಿಣದ ತಗಡು ಸೆಕೆಂಡಿಗೆ ನೂರು ಸಲ ನಡುಗ್ತಿತ್ತು, ಅದಕ್ಕೇ ಗುಂಯ್ ಅಂತಿದ್ದಿದ್ದು. ಇದರದು ಹತ್ತಾರು ಸಾವಿರ ಸಲ. ಮನುಷ್ಯರ ಕಿವಿಗೆ ನಿಲುಕಲ್ಲ.”

ಮೇಷ್ಟ್ರು ಏಣಿಯ ಬುಡಕ್ಕೆ ಬಂದರು. “ನನ್ನ ತಲೆ ಮೇಲಿರೋದು ಒಂದಕ್ಕೆ ಹಳೇದೇ ಹಾಕಿಬಿಡು.”

“ಯಾಕೆ?”

“ಅಭ್ಯಾಸ ಆಗಿದೆ.”

“ಹನ್ನೊಂದು ತೆಪ್ಪಗಿದ್ದು ಒಂದು ಗುಂಯ್ ಅಂದ್ರೆ, ದೊಡ್ಡ ಪಾದ್ರಿಗಳು ರೊಪಾತಿಗೆ ಕೆಲಸ ಬರಲ್ಲ ಅಂದ್ಕೊಳ್ಳಲ್ವಾ?”

ಮೇಷ್ಟ್ರು ಮತ್ತೆ ಕೇಳಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತರು. ರೊಪಾತಿ ಕೈಯಲ್ಲಿದ್ದ ಹಳೆ ಚೋಕನ್ನು ನೋಡಿದ, ಅವರು ಮುಖ ಎತ್ತಿ ನಿಂತಿದ್ದ ಜಾಗವನ್ನು ನೋಡಿದ. ಅವನ ಮುಖ ಬದಲಾಯಿತು. ಬಾಯಿ ತೆರೆದು, ಮುಚ್ಚಿದ. ಚೋಕನ್ನು ಚೀಲಕ್ಕೆ ಹಾಕಿದ. ಮೇಷ್ಟ್ರು ಹೊರಟುಹೋದರು.

ಭಾನುವಾರ ಮೇಷ್ಟ್ರು ಕಣ್ಣು ಮುಚ್ಚಿದರು, ಕಾದರು, ಕೊನೆಗೆ ಎಲ್ಲಿಂದಲೋ ಒಂದು ‘ಮ್‌’ ಹೆಕ್ಕಿ ಕೊಟ್ಟರು. ಅದು ತೀರಾ ಮೇಲಿತ್ತು. ಮೂರನೇ ಚರಣದಲ್ಲಿ ಹೆಂಗಸರ ಗಂಟಲು ಒಂದೊಂದಾಗಿ ಒಡೆಯಿತು. ದೊಡ್ಡ ಪಾದ್ರಿಗಳು ಬೈಬಲಿನಲ್ಲಿ ಏನೋ ಹುಡುಕುವವರ ಹಾಗೆ ತಲೆ ತಗ್ಗಿಸಿದರು. ಊಟಕ್ಕೆ ಕೂತಾಗ ಮೇಷ್ಟ್ರು, “ನನ್ನ ಕಿವಿ ಮುಗೀತು. ಇನ್ನು ಬೇರೆ ಯಾರಾದ್ರೂ ನಿಲ್ಲಿ,” ಅಂದರು. ಬೇಡ ಅನ್ನಲು ನಾವೆಲ್ಲ ಸ್ವಲ್ಪ ತಡಮಾಡಿದೆವು. ರೊಪಾತಿ ಎಲೆಯಲ್ಲಿ ಸುತ್ತಿದ ಊಟದ ಪೊಟ್ಟಣ ಬಿಚ್ಚಲೇ ಇಲ್ಲ.

ಸೋಮವಾರ ಬೆಳಗಾಗುವ ಹೊತ್ತಿಗೆ ಅವನು ಹೆಂಡತಿ ಲೋಸಾಳ ತವರಿನ, ನವಿರು ಹೆಣಿಗೆಯ ಬೆಲೆಬಾಳುವ ಚಾಪೆಯನ್ನು ತಲೆ ಮೇಲೆ ಹೊದ್ದು ಮೇಷ್ಟ್ರ ಮನೆ ಮುಂದೆ ಕೂತಿದ್ದ. ನಮ್ಮಲ್ಲಿ ಹಾಗೆ ಕೂರುವುದು ಕೊಲೆ ಮಾಡಿದವನೋ, ಅವನ ಮನೆಯವರೋ. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಆ ಮಾತು ಬೇಡ. ಟ್ಯೂಬ್‌ಲೈಟಿನ ವಿಷಯಕ್ಕೆ ಯಾರೂ ಕೂತದ್ದಿಲ್ಲ. ಆದರೆ ರೊಪಾತಿ ಯಾವುದನ್ನೂ ಸಣ್ಣದಾಗಿ ಮಾಡುವವನಲ್ಲ.

ಊರೆಲ್ಲ ಸೇರಿತು. ಲೋಸಾ ಬಂದು ಚಾಪೆಯ ಅಂಚು ಹಿಡಿದು, “ಯಾರನ್ನ ಕೊಂದೆ ಹೇಳು. ನಮ್ಮಜ್ಜಿ ಚಾಪೆ ತಂದಿದೀಯ, ಯಾರಾದ್ರೂ ಸತ್ತಿರಲೇಬೇಕು,” ಅಂದಳು. ಚಾಪೆ ಇನ್ನಷ್ಟು ಕೆಳಗೆ ಬಾಗಿತು.

“ಏನ್ ಮಾಡ್ದೆ ಮಾರಾಯ, ಬಾಯಿ ಬಿಡು,” ಎಂದು ಗಟ್ಟಿಯಾಗಿ ಕೇಳಿದವನು ನಾನು. ಈಗಲೂ ಅದನ್ನು ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

“ನಾನು ಆ ಚೋಕು...” ಎಂದು ಶುರುಮಾಡಿ ರೊಪಾತಿ ನಿಲ್ಲಿಸಿದ. ಮುಂದಿನ ಮಾತು ಆಡಿದರೆ ಮೇಷ್ಟ್ರ ಮೂವತ್ತು ವರ್ಷ ಬೀದಿಗೆ ಬರುತ್ತದೆ. ಅದು ಅವನಿಗೆ ಹೊಳೆದದ್ದು ಆಗ, ಊರೆಲ್ಲ ಸೇರಿದ ಮೇಲೆ. ಬಿಸಿಲೇರಿತು. ಹಂದಿ ಕದ್ದನಂತೆ ಅಂದರು ಕೆಲವರು. ಇನ್ನು ಕೆಲವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ; ಲೋಸಾ ಅಳತೊಡಗಿದಳು.

ಆಗ ಮೇಷ್ಟ್ರು ಹೊರಗೆ ಬಂದು ಚಾಪೆ ಎತ್ತಿ ಮಡಿಚಿ ಲೋಸಾಳ ಕೈಗೆ ಕೊಟ್ಟರು.

“ಕೇಳಿ. ನನಗೆ ದೇವರು ಯಾವ ಶ್ರುತೀನೂ ಕೊಟ್ಟಿಲ್ಲ. ಹಳೇ ಟ್ಯೂಬ್‌ಲೈಟು ಗುಂಯ್ ಅಂತಿತ್ತಲ್ಲ, ಅದರಿಂದ ತಗೋತಿದ್ದೆ. ಇವನು ಕಿತ್ತ, ನಂದು ಹೋಯ್ತು. ಪಾಪ, ಇವನಿಗೇನು ಗೊತ್ತಿತ್ತು? ಎದ್ದೇಳಪ್ಪ, ಕೊಕೊ ಕುಡಿ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ಅದನ್ನು ಕೇಳಿಸಿಕೊಂಡು ಒಳಗೆ ಹೋದರು.

ಹಳೆಯದನ್ನೇ ಮತ್ತೆ ಹಾಕಿಸೋಣ ಎಂದು ಊರು ಹೇಳಿತು. ಮೇಷ್ಟ್ರು ಬೇಡವೆಂದರು: “ಇನ್ನು ನಾನು ಮೇಲೆ ನೋಡಿದ್ರೆ ನೀವೆಲ್ಲ ಮೇಲೆ ನೋಡ್ತೀರ.” ಈಗ ಅವರ ತಂಗಿಯ ಮಗಳು ಕೀಬೋರ್ಡಿನಲ್ಲಿ ಶ್ರುತಿ ಕೊಡುತ್ತಾಳೆ. ಮೇಷ್ಟ್ರು ಗಂಡಸರ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುತ್ತಾರೆ.

ಎರಡು ವಾರ ರೊಪಾತಿ ಉಪನ್ಯಾಸವಿಲ್ಲದೆ ದೀಪ ರಿಪೇರಿ ಮಾಡಿದ. ಜನಕ್ಕೆ ಗಾಬರಿಯಾಯಿತು.

“ಕ್ಷಮೆ ಸಿಕ್ತಲ್ಲೋ,” ಅಂದೆ.

“ಗೊತ್ತಿಲ್ಲದೆ ಮಾಡ್ದೆ ಅಂತ ತಾನೆ ಸಿಕ್ಕಿದ್ದು? ಏಣಿ ಮೇಲಿದ್ದಾಗಲೇ ನನಗೆ ಗೊತ್ತಾಗಿತ್ತು ಅಣ್ಣ.”

ಅದೇ ದಿನ ಮಧ್ಯಾಹ್ನ ಅವನು ಬರಿಗೈಯಲ್ಲಿ ಮೇಷ್ಟ್ರ ಮನೆಗೆ ಹೋಗಿ ಅದನ್ನೂ ಹೇಳಿದನಂತೆ. ವಾಪಸು ಬಂದು ನನ್ನ ಜಗಲಿಯ ಮೇಲೆ ಕೂತ.

“ಏನಂದ್ರು?”

“‘ಗೊತ್ತಿತ್ತು ಕಣೋ, ಬಾಗಿಲಲ್ಲಿ ನಿಂತಿದ್ನಲ್ಲ. ನೀನು ಸುಮ್ಮನಾಗಿದ್ದನ್ನ ನಾನು ಕೇಳಿದ್ದು ಅವತ್ತೇ ಮೊದಲು’ ಅಂದ್ರು. ಆಮೇಲೆ ತಟ್ಟೆ ತುಂಬ ಬೇಯಿಸಿದ ಟ್ಯಾರೊ ಗೆಡ್ಡೆ ಇಟ್ರು. ತಿಂದು ಬಂದೆ.”

ಜಗಲಿಯಿಂದ ಏಳುತ್ತಾ ಹೇಳಿದ: “ಎರಡು ಬೈದಿದ್ರೆ ಚೆನ್ನಾಗಿತ್ತು ಅಣ್ಣ.”