ಅಪ್ಪ ಒತ್ತಿ ನೋಡಿದ ಕ್ಯಾರಿಯರ್

ಊರವರ ಲಗ್ನಪತ್ರಿಕೆ ವಿನ್ಯಾಸಕ್ಕೂ, ನಾನೊಬ್ಬನೇ ಆಡುವ ಆಟಕ್ಕೂ ಆಗುವಂಥ ಕಂಪ್ಯೂಟರ್ ಜೋಡಿಸಲು ಹೋದ ತಿಂಗಳು ಗದಗಿನಲ್ಲಿ ಬಿಡಿಭಾಗ ಆರಿಸುತ್ತಿದ್ದೆ. ಆಟಕ್ಕೆ ಕೈಯಲ್ಲಿ ಹಿಡಿಯುವ ಜಾಯ್‌ಸ್ಟಿಕ್ಕಿನ ಡಬ್ಬಿ ಬಿಚ್ಚಿದೊಡನೆ ಹೊಸ ರಬ್ಬರಿನ ವಾಸನೆ ಬಂತು. ರೋಣದ ಹುಸೇನ್‌ಸಾಬರ ಸೈಕಲ್ ಅಂಗಡಿಯದೇ ವಾಸನೆ.

ನಾನು ಹುಡುಗನಾಗಿದ್ದಾಗ ಸೈಕಲ್ಲನ್ನೂ ಹೀಗೇ ಬಿಡಿಬಿಡಿಯಾಗಿ ಆರಿಸಿ ಕಟ್ಟಿಸುತ್ತಿದ್ದರು. ನನಗೆ ಸೈಕಲ್ ಕಟ್ಟಿಸಿದ ದಿನ ನನ್ನ ಕಣ್ಣು ಲೈಟಿನ ಮೇಲೆ, ಅಪ್ಪನ ಕೈ ಕ್ಯಾರಿಯರಿನ ಮೇಲೆ. ಒಂದೊಂದನ್ನೂ ಮೈಭಾರ ಹಾಕಿ ಒತ್ತಿ, ಎಲ್ಲಕ್ಕಿಂತ ಗಟ್ಟಿಯದನ್ನು ಆರಿಸಿದ. ಲೈಟು ಬೇಡವೆಂದ. ನಾನು ಮುಖ ಊದಿಸಿದೆ.

“ತಮ್ಮಾ, ಲೈಟ್ ಇರ್ಲಿಲ್ಲಂದ್ರೂ ಹಾದಿ ಕಾಣ್ತೈತಿ,” ಎಂದರು ಹುಸೇನ್‌ಸಾಬರು. “ಹಿಂದ ಕುಂದ್ರವ್ರು ಇರ್ಲಿಲ್ಲಂದ್ರ ನಿಮ್ಮೂರು ಅಬ್ಬಿಗೇರಿ ಭಾಳ ದೂರ ಆಗ್ತೈತಿ.”

ಗದಗಿನ ಅಂಗಡಿಯವ ಕೇಳಿದ, “ಜಾಯ್‌ಸ್ಟಿಕ್ ಒಂದ ಸಾಕಲ್ರಿ, ಸರ?”

“ಎರಡ ಇರ್ಲಿ,” ಎಂದೆ.

ತಿಂಗಳಾಯಿತು. ಒಂದು ನನ್ನ ಕೈಯಲ್ಲಿ, ಇನ್ನೊಂದು ಡಬ್ಬಿಯಲ್ಲಿ.